ನಿಮಗಿದು ಗೊತ್ತೆ? ನಿಷೇಧಕ್ಕೆ ಜಗ್ಗದ ನಂಜನಗೂಡಿನ ಗಾಯಕಿ

ಮನರಂಜನೆಯೇ ನಿಷಿದ್ಧವಾದ ಗ್ರಹಗಳಿಗೆ ನುಗ್ಗಿ ಹಾಡುವ ಹುಡುಗಿಯರ ಕಥೆ, 2012ರ ಜಪಾನಿ ಅನಿಮೆ ‘ಎಕೆಬಿ0048’. ಅಂಥ ಹೋರಾಟವನ್ನು ನಿಜವಾಗಿ ನಡೆಸಿದವರು ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ.

ದೇವದಾಸಿ ಮನೆತನದ ಈ ಗಾಯಕಿ ಮದರಾಸಿನಲ್ಲಿ ಮನೆಮಾತಾಗಿದ್ದರು. ತಂಜಾವೂರಿನ ಆಸ್ಥಾನ ಕವಯಿತ್ರಿ ಮುದ್ದುಪಳನಿ 18ನೇ ಶತಮಾನದಲ್ಲಿ ಬರೆದ ತೆಲುಗು ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು, ಹಿಂದಿನವರು ಕತ್ತರಿಸಿದ್ದ ಪದ್ಯಗಳನ್ನೂ ಸೇರಿಸಿ, 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ಗಂಡಸರು ಬರೆದ ಶೃಂಗಾರಕ್ಕಿಲ್ಲದ ಅಡ್ಡಿ ಹೆಣ್ಣಿನ ಕಾವ್ಯಕ್ಕೇಕೆ ಎಂದು ಆಕೆ ನೇರವಾಗಿ ಕೇಳಿದ್ದರು. ಅದು ಇಂದಿಗೂ ಕೇಳಬೇಕಾದ ಪ್ರಶ್ನೆಯೇ.

ನಿಷೇಧ ಪುಸ್ತಕಕ್ಕಷ್ಟೇ ಅಲ್ಲ, ಹಾಡಿಗೂ ಇತ್ತು: ವಾಗ್ಗೇಯಕಾರ ತ್ಯಾಗರಾಜರ ಸ್ಮರಣೆಗೆ ತಿರುವೈಯಾರಿನಲ್ಲಿ ನಡೆಯುವ ಸಂಗೀತೋತ್ಸವವಾದ ತ್ಯಾಗರಾಜ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದೇ ನಾಗರತ್ನಮ್ಮ, ತಮ್ಮ ಸ್ವಂತ ಗಳಿಕೆಯಿಂದ! ಸುಮ್ಮನಿರದ ಅವರು 1927ರಲ್ಲಿ ಗಾಯಕಿಯರದೇ ಪ್ರತ್ಯೇಕ ಆರಾಧನೆ ಆರಂಭಿಸಿದರು. 1940ರ ದಶಕದ ಆರಂಭದಲ್ಲಿ ಆರಾಧನೆ ನಡೆಸುತ್ತಿದ್ದ ಬಣಗಳು ಒಂದಾಗಿ, ಹೆಂಗಸರೂ ಗಂಡಸರೂ ಒಂದೇ ವೇದಿಕೆಗೆ ಬಂದರು.

ಪುಸ್ತಕದ ನಿಷೇಧ ತೆರವಾಗಿದ್ದು 1947ರಲ್ಲಿ. 1952ರಲ್ಲಿ ತೀರಿಕೊಂಡ ನಾಗರತ್ನಮ್ಮನವರ ಸಮಾಧಿ ತ್ಯಾಗರಾಜರ ಸಮಾಧಿಯ ಬಳಿಯಲ್ಲೇ ಇದೆ. ತಿರುವೈಯಾರಿಗೆ ಹೋದವರು ತಪ್ಪದೆ ನೋಡಿ ಬನ್ನಿ.