ಕಾಯಿಲೆಗೂ ರಜೆಗೂ ನಡುವೆ

ಕಾಯಿಲೆಯ ಕಾರಣ ಹೇಳಿ ಕೆಲಸಕ್ಕೆ ಬಾರದಿರುವುದನ್ನು ಕಾಯಿಲೆ ಗೈರುಹಾಜರಿ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಒಂದೆರಡು ಅಕ್ಷರದ ಗುರುತು, ಅಷ್ಟೆ. ಆದರೆ ಮೈ ಬಿಸಿಯಾಗಿದೆ ಎಂದು ತಿಳಿದ ಗಳಿಗೆಗೂ ‘ಇವತ್ತು ಬರೋದಕ್ಕಾಗಲ್ಲ’ ಎಂದು ಫೋನ್ ಮಾಡುವ ಗಳಿಗೆಗೂ ನಡುವೆ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದಿರುತ್ತದೆ. ಸಿ.ಎಲ್. ಉಳಿದಿದೆಯೆ, ಸಂಬಳ ಕಡಿತವಾದೀತೆ, ಮೆಡಿಕಲ್ ಸರ್ಟಿಫಿಕೇಟು ಕೇಳಿಯಾರೆ, ತನ್ನ ಕೆಲಸ ಯಾರ ತಲೆಗೆ ಬೀಳುತ್ತದೆ? ಅಮೆರಿಕದ ರಿಚರ್ಡ್ ಸ್ಟಿಯರ್ಸ್ ಮತ್ತು ಸುಸಾನ್ ರೋಡ್ಸ್ 1978ರಲ್ಲಿ ಮಂಡಿಸಿದ ಮಾದರಿ ಇದನ್ನು ಎರಡು ಎಳೆಯಾಗಿ ಬಿಡಿಸಿತು: ಕೆಲಸಕ್ಕೆ ಬರುವ ಶಕ್ತಿ ಒಂದು, ಬರುವ ಮನಸ್ಸು ಇನ್ನೊಂದು. ಮೇಲಧಿಕಾರಿಗಳು ಸಾಮಾನ್ಯವಾಗಿ ಅನುಮಾನಿಸುವುದು ಎರಡನೆಯದನ್ನೇ.

ಈ ಅನುಮಾನವನ್ನು ಒರೆಗೆ ಹಚ್ಚಲು ಲಂಡನ್ನಿನ ವೈಟ್‌ಹಾಲ್ ಅಧ್ಯಯನದಷ್ಟು ಒದಗಿಬಂದ ಸಾಮಗ್ರಿ ಅಪರೂಪ. ವೈಟ್‌ಹಾಲ್ ಎಂದರೆ ಬ್ರಿಟಿಷ್ ಸರ್ಕಾರದ ಕಚೇರಿಗಳಿರುವ ಬೀದಿ. ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಿಂದ 1988ರವರೆಗೆ 35ರಿಂದ 55 ವರ್ಷದೊಳಗಿನ 10,308 ಸರ್ಕಾರಿ ನೌಕರರನ್ನು ಅಲ್ಲಿ ನೋಂದಾಯಿಸಿಕೊಂಡು, ವರ್ಷಗಟ್ಟಲೆ ಅವರ ಆರೋಗ್ಯದ ಬೆನ್ನು ಹತ್ತಲಾಯಿತು. ಗಣಿಯ ದೂಳಿಲ್ಲ, ಕುಲುಮೆಯ ಕಾವಿಲ್ಲ. ಎಲ್ಲರದೂ ಕಚೇರಿ ಕೆಲಸ, ಎಲ್ಲರಿಗೂ ಸರ್ಕಾರವೇ ಧಣಿ. ಹಾಗಿದ್ದರೂ ಅತ್ಯಂತ ಕೆಳದರ್ಜೆಯ ಗಂಡಸರು ಅತ್ಯುನ್ನತ ದರ್ಜೆಯವರಿಗಿಂತ ಸುಮಾರು 6 ಪಟ್ಟು ಹೆಚ್ಚು ಸಲ ಕಾಯಿಲೆ ರಜೆ ಹಾಕುತ್ತಿದ್ದರು. 7 ದಿನದೊಳಗಿನ ಸಣ್ಣ ರಜೆಗೂ, ಅದಕ್ಕಿಂತ ಉದ್ದದ, ವೈದ್ಯರ ಸರ್ಟಿಫಿಕೇಟು ಬೇಕಾದ ರಜೆಗೂ ಅಂತರ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೆಂಗಸರಲ್ಲಿ ಅದು 3ರಿಂದ 4 ಪಟ್ಟು.

ಕೆಳದರ್ಜೆಯವರು ಸೋಮಾರಿಗಳು ಎಂದು ಇದನ್ನು ಓದುವುದು ಸುಲಭ. ಆದರೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದಂತೆ ಹೃದ್ರೋಗವೂ ಇದೇ ಕ್ರಮದಲ್ಲಿ ಏರುತ್ತಿತ್ತು. ಹೃದಯಕ್ಕೆ ನಟನೆ ಬರುವುದಿಲ್ಲ. 10 ವರ್ಷಗಳಿಗೆ 5ಕ್ಕಿಂತ ಹೆಚ್ಚು ಸಲದ ಪ್ರಮಾಣದಲ್ಲಿ ಉದ್ದದ ರಜೆ ಹಾಕಿದ ಗಂಡಸರ ಮರಣದ ದರ, ಅಂಥ ರಜೆಯನ್ನೇ ಹಾಕದವರಿಗಿಂತ 4.8 ಪಟ್ಟು ಹೆಚ್ಚಿತ್ತೆಂದು 2003ರಲ್ಲಿ ಪ್ರಕಟವಾದ ವರದಿ ತೋರಿಸಿತು. ಉದ್ದದ ರಜೆ ಬಹುಮಟ್ಟಿಗೆ ನಿಜವಾದ ಕಾಯಿಲೆಯ ನೆರಳು.

ಬೀಡಿ ಸಿಗರೇಟು, ಕುಡಿತ, ಮನೆಯ ಹಣದ ಮುಗ್ಗಟ್ಟು, ಕೆಲಸದ ಗುಣ, ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ದರ್ಜೆಯ ಅಂತರದಲ್ಲಿ ಸುಮಾರು ಮೂರನೆಯ ಒಂದು ಪಾಲಿಗಷ್ಟೇ ವಿವರಣೆ ಸಿಕ್ಕಿತು. ಅವುಗಳಲ್ಲಿ ಎದ್ದು ಕಂಡದ್ದು ಕೆಲಸದ ಮೇಲಿನ ಹಿಡಿತ. ಯಾವ ಕಡತವನ್ನು ಮೊದಲು ನೋಡಬೇಕು, ಯಾವಾಗ ಎದ್ದು ಹೋಗಿ ಕಾಫಿ ಕುಡಿಯಬೇಕು ಎಂಬುದನ್ನೂ ಬೇರೆಯವರೇ ಗೊತ್ತುಮಾಡುವ ಕಡೆ ರಜೆ ಹೆಚ್ಚು. ಒತ್ತಡ ಹೆಚ್ಚಿದ್ದು ಹಿಡಿತ ಕಡಿಮೆಯಿರುವ ಕೆಲಸವೇ ಮೈಮನಸ್ಸನ್ನು ಹೆಚ್ಚು ಸವೆಸುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದರು. ಹಿಡಿತವಿದ್ದವರಿಗೆ ಇನ್ನೊಂದು ಅನುಕೂಲವೂ ಉಂಟು: ತಲೆನೋವು ಬಂದರೆ ಗುರುತರ ಕೆಲಸವನ್ನು ಮಧ್ಯಾಹ್ನಕ್ಕೆ ಮುಂದೂಡಿ ಕುಳಿತಿರಬಹುದು. ಯಂತ್ರದ ಮುಂದೆ ನಿಲ್ಲುವವರಿಗೆ, ಬಸ್ ಓಡಿಸುವವರಿಗೆ ಅರೆಬರೆ ಹಾಜರಿ ಎಂಬುದಿಲ್ಲ.

ಕೆಲಸ ಹೋದೀತೆಂಬ ಭಯ ಎರಡು ದಿಕ್ಕಿಗೆ ಎಳೆಯುತ್ತದೆ. ನಿರುದ್ಯೋಗ ಏರಿದಾಗ ರಜೆ ಇಳಿಯುವುದು ಹಲವು ದೇಶಗಳಲ್ಲಿ ಕಂಡಿದೆ. ಆದರೆ ಫಿನ್ಲೆಂಡಿನ ರೈಸಿಯೊ ಪಟ್ಟಣದ ಪುರಸಭೆಯಲ್ಲಿ, 1990ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ, ನೌಕರರ ಸಂಖ್ಯೆಯನ್ನು ಬಹಳವಾಗಿ ಕಡಿತ ಮಾಡಿದ ವಿಭಾಗಗಳಲ್ಲಿ ಉಳಿದವರ ಉದ್ದದ ರಜೆ, ಅಲ್ಪ ಕಡಿತವಾದ ವಿಭಾಗಗಳಿಗಿಂತ ಎರಡು ಪಟ್ಟಿಗೂ ಮೀರಿತ್ತು. ಭಯ ಸಣ್ಣ ರಜೆಯನ್ನು ತಡೆದೀತು. ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಾಗ ಕೆಡುವ ಮೈಯನ್ನು ಅದು ತಡೆಯಲಾರದು.

ಹಣದ ನಿಯಮಗಳ ಪರಿಣಾಮ ಇಷ್ಟು ತೊಡಕಿನದಲ್ಲ. ಸ್ವೀಡನ್ನಿನಲ್ಲಿ 1987ರ ಡಿಸೆಂಬರಿನಿಂದ ಕಾಯಿಲೆಯ ಮೊದಲ ದಿನದಿಂದಲೇ ಸಂಬಳದ ಶೇ 90ರಷ್ಟು ಸಿಗುತ್ತಿತ್ತು. 1991ರ ಮಾರ್ಚಿನಲ್ಲಿ ಮೊದಲ 3 ದಿನಗಳಿಗೆ ಅದನ್ನು ಶೇ 65ಕ್ಕೆ ಇಳಿಸಿದರು. 1993ರ ಏಪ್ರಿಲಿನಿಂದ ಮೊದಲ ದಿನಕ್ಕೆ ಏನೂ ಇಲ್ಲವೆಂದಾಯಿತು. ರಜೆಗಳು ಇಳಿದವು, ಅದೇ ವೇಳೆಗೆ ಬಂದೆರಗಿದ ನಿರುದ್ಯೋಗದ ಪಾಲೂ ಅದರಲ್ಲಿದೆ.

ಭಾರತದ ಕಾರ್ಖಾನೆ ಕಾರ್ಮಿಕರಿಗೆ ಈ ಲೆಕ್ಕ ಇ.ಎಸ್.ಐ., ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ಮೂಲಕ ಪರಿಚಿತ. 1948ರ ಕಾಯ್ದೆಯಡಿ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಯೋಜನೆ 1958ರಲ್ಲಿ ಬೆಂಗಳೂರಿಗೆ ಬಂತು. ಇದರ ಕಾಯಿಲೆ ಭತ್ಯೆ ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ 91 ದಿನಗಳವರೆಗೆ. ಆದರೆ ಮೊದಲ 2 ದಿನ ಕಾಯುವ ದಿನಗಳು, ಹಣವಿಲ್ಲ. ಎರಡು ದಿನದ ಜ್ವರ ಬಂದ ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಭತ್ಯೆ ಸೊನ್ನೆ. ಹಾಜರಿ ಬೋನಸ್ ಇರುವ ಕಡೆ ಅದೂ ಕೈತಪ್ಪುತ್ತದೆ. ಮಾತ್ರೆ ನುಂಗಿ ಲೈನಿಗೆ ಹೋಗುವುದೇ ಆಗ ಅಗ್ಗ. ಗುಣವಾಗಿ ಹೋದವರು 15 ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಕಾಯುವ ದಿನಗಳ ಮಾಫಿಯಿದೆ. ಈ ರಿಯಾಯಿತಿ ಇಲ್ಲದಿದ್ದರೆ, ಬೇಗ ಕೆಲಸಕ್ಕೆ ಮರಳಲು ಯಾರಾದರೂ ಹೆದರುತ್ತಿದ್ದರು.

ಕಚೇರಿಯ ಹೊರಗಿನ ಕಾರಣಗಳೂ ಇವೆ: ಮಳೆಗಾಲದ ಡೆಂಗಿ, ದೂರದ ಪ್ರಯಾಣ, ಮನೆಯಲ್ಲಿ ಮಲಗಿದ ಮಗು ಅಥವಾ ಮುದುಕರು. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಹೆಂಗಸರ ರಜೆ ಗಂಡಸರದಕ್ಕಿಂತ ಹೆಚ್ಚು. ಕಚೇರಿಯದೊಂದು, ಮನೆಯದೊಂದು ಎಂಬ ಎರಡು ಪಾಳಿಯ ದುಡಿಮೆ ಅದಕ್ಕೊಂದು ಕಾರಣವೆಂಬ ವಾದವಿದೆ.

ಅಳೆಯುವ ಬಗೆಯೂ ರಜೆಯನ್ನು ಬದಲಿಸುತ್ತದೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಬ್ರಾಡ್‌ಫರ್ಡ್ ಸೂತ್ರದಲ್ಲಿ ರಜೆ ಎಷ್ಟು ಸಲ ಎಂಬುದನ್ನು ಅದರಿಂದಲೇ ಗುಣಿಸಿ, ಮತ್ತೆ ಒಟ್ಟು ದಿನಗಳಿಂದ ಗುಣಿಸುತ್ತಾರೆ. ಒಂದೇ ಸಲ 10 ದಿನ ಮಲಗಿದವರಿಗೆ 10 ಅಂಕ. ಒಂದೊಂದೇ ದಿನದಂತೆ 10 ಸಲ ರಜೆ ಹಾಕಿದವರಿಗೆ 1000. ಕಳ್ಳರಜೆ ಹಿಡಿಯಲು ಹೂಡಿದ ಈ ಗಣಿತ ಅರೆತಲೆನೋವಿನವರನ್ನೂ ಆಸ್ತಮಾದವರನ್ನೂ ಅದೇ ಬಲೆಯಲ್ಲಿ ಹಿಡಿಯುತ್ತದೆ.

ಕಾಯಿಲೆಯಿದ್ದೂ ಕೆಲಸಕ್ಕೆ ಬರುವವರು ಯಾವ ಸೂತ್ರಕ್ಕೂ ಸಿಗುವುದಿಲ್ಲ. 2005ರ ವೈಟ್‌ಹಾಲ್ ವರದಿಯ ಪ್ರಕಾರ, ಆರೋಗ್ಯ ಕೆಟ್ಟಿದ್ದ ಗಂಡಸರಲ್ಲಿ ಶೇ 17ರಷ್ಟು ಮಂದಿ 3 ವರ್ಷಗಳಲ್ಲಿ ಒಂದೂ ಕಾಯಿಲೆ ರಜೆ ಹಾಕಿರಲಿಲ್ಲ. ಅಷ್ಟೇ ಅಸ್ವಸ್ಥರಾಗಿದ್ದು ಹದವಾಗಿ ರಜೆ ಹಾಕಿದವರಿಗಿಂತ ಇವರಲ್ಲಿ ಗಂಭೀರ ಹೃದಯಾಘಾತದಂಥ ಘಟನೆಗಳು ಎರಡು ಪಟ್ಟು. 2000ದಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಈ ಅಭ್ಯಾಸವನ್ನು ಹೆಚ್ಚಾಗಿ ಕಂಡದ್ದು ಶುಶ್ರೂಷೆ ಮತ್ತು ಶಿಕ್ಷಣದ ಕೆಲಸಗಳಲ್ಲಿ, ಅಂದರೆ ಒಬ್ಬರು ಬಾರದಿದ್ದರೆ ಎದುರಿಗೆ ರೋಗಿಯೋ ಮಗುವೋ ಕಾದು ಕೂರುವ, ಬದಲಿ ಆಳು ಸುಲಭವಾಗಿ ಸಿಗದ ಕಡೆ.