ಮದುವೆಗೆ ಸೂಪರ್ 8 ರೀಲು: ಒಂದು ಕಾರ್ಟ್ರಿಡ್ಜ್‌ಗೆ ಎರಡೂವರೆ ನಿಮಿಷ ಮಾತ್ರ!

ದೆಹಲಿ, ಗುರುಗ್ರಾಮದ ಫಾರ್ಮ್‌ಹೌಸ್ ಮದುವೆ ಎಂದರೆ ಡ್ರೋನ್, ಎಲ್‌ಇಡಿ ಪರದೆ, ಗಂಟೆಗಟ್ಟಲೆ ವಿಡಿಯೊ. ಇದರ ನಡುವೆಯೂ ಕೆಲವು ಜೋಡಿಗಳಿಗೆ ಹಳೆಯ ಸೂಪರ್ 8 ಫಿಲ್ಮ್ ಕ್ಯಾಮೆರಾವೇ ಬೇಕು. ಏನಿದು?

ಕೊಡಕ್ 1965ರಲ್ಲಿ ಮನೆಬಳಕೆಗೆಂದು ತಂದ 8 ಎಂಎಂ ಅಗಲದ ಸಿನಿಮಾ ಫಿಲ್ಮ್ ಇದು. ಒಂದು ಕಾರ್ಟ್ರಿಡ್ಜ್‌ನಲ್ಲಿ 50 ಅಡಿ, ಅಂದರೆ ಸುಮಾರು 3,600 ಫ್ರೇಮ್. ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿಸಿದರೆ ಎರಡೂವರೆ ನಿಮಿಷಕ್ಕೆ ಖಾಲಿ. 18ಕ್ಕೆ ಇಳಿಸಿದರೆ 3 ನಿಮಿಷ 20 ಸೆಕೆಂಡು. ಬಾರಾತ್ ಕುಣಿತಕ್ಕೇ ರೀಲು ಮುಗಿದರೆ ವರಮಾಲೆಗೆ ಇನ್ನೊಂದು ಹಾಕಬೇಕು. ಈಗ ಸಿಗುವ ಫಿಲ್ಮ್‌ನಲ್ಲಿ ಧ್ವನಿ ದಾಖಲಾಗುವುದಿಲ್ಲ. ಶಹನಾಯಿ, ಮಂತ್ರ ಬೇಕಿದ್ದರೆ ಬೇರೆಯೇ ರೆಕಾರ್ಡ್ ಮಾಡಬೇಕು.

ಅಲ್ಲಿನ ಮದುವೆ ನಮ್ಮ ಕಡೆಯಂತೆ ಬೆಳಗಿನ ಮುಹೂರ್ತದ್ದಲ್ಲ, ಸಪ್ತಪದಿ ಹೆಚ್ಚಾಗಿ ನಡುರಾತ್ರಿ. ಹಗಲಿನ ಅರಿಶಿನ ಶಾಸ್ತ್ರಕ್ಕೆ 50ಡಿ ಫಿಲ್ಮ್ ಸಾಕು. ರಾತ್ರಿಗೆ ಕಡಿಮೆ ಬೆಳಕಿನ 500ಟಿ ಬೇಕು, ಮಂಟಪಕ್ಕೆ ಒಳ್ಳೆಯ ದೀಪವೂ ಬೇಕು. ಚಿತ್ರ ಸರಿ ಬಂತೇ ಎಂಬುದು ಫಿಲ್ಮ್ ತೊಳೆದು, ಸ್ಕ್ಯಾನ್ ಮಾಡಿದ ಮೇಲೆಯೇ ಗೊತ್ತಾಗುವುದು.

ತೊಳೆಸಲು ಬೇರೆ ಊರಿಗೆ ವಿಮಾನದಲ್ಲಿ ಒಯ್ಯುವುದಾದರೆ ಎಚ್ಚರ. ಚೆಕ್-ಇನ್ ಬ್ಯಾಗಿನ ಎಕ್ಸ್‌ರೇ, ಹೊಸ ಸಿಟಿ ಸ್ಕ್ಯಾನರ್ ಎರಡೂ ತೊಳೆಯದ ಫಿಲ್ಮ್ ಅನ್ನು ಮಸುಕಾಗಿಸಬಲ್ಲವು. ಕೈಚೀಲದಲ್ಲಿಟ್ಟು, ಯಂತ್ರಕ್ಕೆ ಹಾಕದೆ ಪರಿಶೀಲಿಸುವಂತೆ ಭದ್ರತಾ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು. ಒಪ್ಪುವುದು ಅವರಿಗೆ ಬಿಟ್ಟದ್ದು. ರೀಲು ಕೆಟ್ಟರೆ ಮದುವೆಯನ್ನು ಮತ್ತೆ ಮಾಡಲಾಗದಲ್ಲ! ಡಿಜಿಟಲ್ ವಿಡಿಯೊ ಜೊತೆಗಿರಲಿ. ಬುಕ್ ಮಾಡುವಾಗ ದರಕ್ಕಿಂತ ಮೊದಲು ಎಷ್ಟು ಕಾರ್ಟ್ರಿಡ್ಜ್, ತೊಳೆಸುವುದು ಎಲ್ಲಿ, ಅಲ್ಲಿಗೆ ಒಯ್ಯುವುದು ಹೇಗೆ ಎಂದು ಕೇಳಿ.