ಗಂಡನ ಮಗ, ನನ್ನ ಮಗ

ಕಥೆಯ ಎಳೆ ಹೇಳಿದರೆ ಕಣ್ಣೀರಿನ ಸಿನಿಮಾ ಅಂದುಕೊಳ್ಳುತ್ತೀರಿ. ಮದುವೆಯಾಗದೆ ಬಸಿರಾದ ಮೇಮ್ಚಾ ಹೆರಿಗೆಯಲ್ಲೇ ಸಾಯುತ್ತಾಳೆ. ಮಗು ಥೊಯ್‌ಥೊಯ್ ತಾತನ ಆಸರೆಯಲ್ಲಿ ಬೆಳೆಯುತ್ತದೆ. ಹಳ್ಳಿಯ ಶಾಲೆಯ ಟೀಚರ್ ಧನಿಗೆ ಈ ಹುಡುಗನ ಮೇಲೆ ಅಕ್ಕರೆ. ಅವನ ಅಪ್ಪ ಯಾರೆಂದು ಹುಡುಕಿದರೆ, ತನ್ನದೇ ಸೋದರಸಂಬಂಧಿ ಏಕಾಶಿನಿಯ ಗಂಡ ದಿನಚಂದ್ರ! ಇಲ್ಲಿಂದ ಮುಂದೆ ಎದೆ ಬಡಿದುಕೊಳ್ಳುವ ದೃಶ್ಯಗಳಿಗೆ ಕೊರತೆಯಿಲ್ಲ ಎಂದು ನಾವು ಸಿದ್ಧರಾಗಿ ಕೂತಿರುವಾಗ, ಏಕಾಶಿನಿ ಆ ಹುಡುಗನನ್ನು ಮನೆಗೆ ಕರೆತಂದು ತನ್ನ ಮಗನನ್ನಾಗಿ ಮಾಡಿಕೊಳ್ಳುತ್ತಾಳೆ.

ಇದು 1981ರ ಮಣಿಪುರಿ ಚಿತ್ರ ‘ಇಮಾಗಿ ನಿಂಗ್ತೆಮ್’. ಅಂದರೆ ‘ನನ್ನ ಮಗ, ನನ್ನ ಮುತ್ತು’. ಕಪ್ಪು-ಬಿಳುಪಿನ ಈ ಪುಟ್ಟ ಚಿತ್ರ ಮರುವರ್ಷ ಫ್ರಾನ್ಸಿನ ನಾಂತ್‌ನಲ್ಲಿ, ಮೂರು ಖಂಡಗಳ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗ್ರಾಂಡ್ ಪ್ರೀ ಗೆದ್ದಿತು.

ಆಗ ಮಣಿಪುರಿ ಸಿನಿಮಾಕ್ಕೆ ಹತ್ತು ವರ್ಷ ವಯಸ್ಸು, ಅಷ್ಟೇ. 1948ರಲ್ಲಿ ‘ಮೈನು ಪೆಮ್ಚಾ’ ಎಂಬ ಚಿತ್ರಕ್ಕೆ ಕೈಹಾಕಿದವರು ದುಡ್ಡಿಲ್ಲದೆ ಅರ್ಧಕ್ಕೇ ಬಿಟ್ಟಿದ್ದರು. ಮೊದಲ ಕಥಾಚಿತ್ರ ‘ಮಾತಮ್‌ಗಿ ಮಣಿಪುರ್’ ತೆರೆಕಂಡದ್ದು 1972ರ ಏಪ್ರಿಲ್‌ನಲ್ಲಿ. ಅದನ್ನು ನಿರ್ದೇಶಿಸಿದವರು ಬಂಗಾಳದ ದೇವಕುಮಾರ್ ಬೋಸ್. ಅದರಲ್ಲಿ ನಟಿಸಿ ಸಂಗೀತವನ್ನೂ ಕೊಟ್ಟ ಇಂಫಾಲದ ತರುಣನ ಹೆಸರು ಅರಿಬಾಮ್ ಶ್ಯಾಮ ಶರ್ಮ. ಶಾಂತಿನಿಕೇತನದಲ್ಲಿ ಓದಿದವರು, ಸಂಗೀತ ಬಲ್ಲವರು. ಎರಡೇ ವರ್ಷದಲ್ಲಿ ಸ್ವತಃ ನಿರ್ದೇಶಕರಾದರು.

ಆದರೆ ‘ಇಮಾಗಿ ನಿಂಗ್ತೆಮ್’ ಹುಟ್ಟಿದ್ದು ಕ್ಯಾಮೆರಾದ ಮುಂದಲ್ಲ, ರೇಡಿಯೊಗಾಗಿ. ಎಂ.ಕೆ. ಬಿನೋದಿನಿ ದೇವಿ ಅದನ್ನು ಬರೆದದ್ದು ಬಾನುಲಿ ನಾಟಕವಾಗಿ. ಈ ಬಿನೋದಿನಿ ಸಾಮಾನ್ಯರಲ್ಲ. ಮಣಿಪುರದ ಮಹಾರಾಜ ಚೂಡಾಚಾಂದರ ಮಗಳು. ಶಾಂತಿನಿಕೇತನದಲ್ಲಿ ಕಲೆ ಕಲಿತು, ರಾಮ್‌ಕಿಂಕರ್ ಬೈಜ್ ಅವರ ಕೃತಿಗಳಿಗೆ ರೂಪದರ್ಶಿಯಾದವರು. ಬ್ರಿಟಿಷ್ ಅಧಿಕಾರಿಯ ಸಂಗಾತಿಯಾಗಿ ಬಾಳಿದ ರಾಜಕುಮಾರಿ ಸನಾತೊಂಬಿಯ ಕುರಿತ ಅವರ ಕಾದಂಬರಿಗೆ 1979ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರ ಬಾಯಿಗೆ ಬಿದ್ದ ಹೆಣ್ಣನ್ನು ಅಳೆದು ತೀರ್ಪು ಕೊಡದೆ ನೋಡುವುದು ಅವರಿಗೆ ಒಗ್ಗಿದ ಕೆಲಸ. ಮೇಮ್ಚಾ, ಧನಿ, ಏಕಾಶಿನಿ ಮೂವರೂ ಆ ನೋಟದಿಂದಲೇ ಬಂದವರು. ಹಾಗೆ ನೋಡಿದರೆ ಇಲ್ಲಿ ಗಂಡಸರಿಗೆ ಹೆಚ್ಚು ಕೆಲಸವೇ ಇಲ್ಲ. ತಾತನೊಬ್ಬನನ್ನು ಬಿಟ್ಟರೆ, ಹುಡುಗನ ನಾಳೆಯನ್ನು ನಿರ್ಧರಿಸುವವರೆಲ್ಲ ಹೆಂಗಸರೇ.

ಕಿವಿಗೆಂದು ಬರೆದ ನಾಟಕ ಪರದೆಗೆ ಬಂದಾಗ ಮಾತು ಹೆಚ್ಚಾಗುವ ಅಪಾಯವಿತ್ತು. ಚಿತ್ರ ನಿರ್ದೇಶಿಸಿದ ಶ್ಯಾಮ ಶರ್ಮ ಮಾಡಿದ್ದು ಅದಕ್ಕೆ ತದ್ವಿರುದ್ಧ. ಚಿತ್ರಕಥೆಯನ್ನೂ ಬಿನೋದಿನಿಯವರೇ ಬರೆದರು, ಕೆ. ಇಬೊಹಾಲ್ ಶರ್ಮ ಹಣ ಹಾಕಿದರು. ದೊಡ್ಡ ಸ್ಟುಡಿಯೊ ಬೆಂಬಲವಿಲ್ಲದ ಊರಿನಲ್ಲಿ ನಿಜವಾದ ಮನೆ, ಅಂಗಳ, ಶಾಲೆಗಳೇ ಸೆಟ್ಟು. ಬಡತನ ಕಲೆಗೆ ಒಳ್ಳೆಯದು ಎಂಬ ಮಾತನ್ನು ನಾನು ನಂಬುವವನಲ್ಲ. ಆದರೂ ಈ ಚಿತ್ರದ ಸಂಯಮಕ್ಕೆ ಅಲ್ಲಿನ ಇತಿಮಿತಿಯೂ ಒಂದಿಷ್ಟು ಕಾರಣ ಎನ್ನಲೇಬೇಕು. ಥೊಯ್‌ಥೊಯ್ ಆದ ಬಾಲಕ ಲೈಖೇಂದ್ರನಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಶ್ರೇಷ್ಠ ಮಣಿಪುರಿ ಚಿತ್ರದ ಗೌರವವೂ ಇದಕ್ಕೇ.

ಶರ್ಮ–ಬಿನೋದಿನಿ ಜೋಡಿ ಅಲ್ಲಿಗೇ ನಿಲ್ಲಲಿಲ್ಲ. ದೈವದ ಕರೆ ಬಂದು ಗಂಡ, ಮಗಳನ್ನು ಬಿಟ್ಟು ಹೋಗುವ ಹೆಣ್ಣಿನ ಕಥೆ ‘ಇಶಾನೌ’ (1990) ಮರುವರ್ಷ ಕಾನ್ ಉತ್ಸವಕ್ಕೆ ಹೋಯಿತು. ಅಲ್ಲಿ ತಾಯಿ ಮಗುವನ್ನು ಬಿಡುತ್ತಾಳೆ, ಇಲ್ಲಿ ಹೆರದವಳು ತಾಯಿಯಾಗುತ್ತಾಳೆ. ಎರಡನ್ನೂ ಒಟ್ಟಿಗೆ ನೋಡಿದರೆ ಬಿನೋದಿನಿ ತಾಯ್ತನದ ಬಗ್ಗೆ ಎಷ್ಟು ನಿಷ್ಠುರವಾಗಿ ಯೋಚಿಸುತ್ತಿದ್ದರೆಂಬುದು ತಿಳಿಯುತ್ತದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೀರ್ಣೋದ್ಧಾರ ಮಾಡಿದ ‘ಇಶಾನೌ’ 2023ರಲ್ಲಿ ಮತ್ತೆ ಕಾನ್‌ನಲ್ಲಿ ತೆರೆಕಂಡಿತು. ಬಿನೋದಿನಿ ಅಷ್ಟರಲ್ಲಿ ಇರಲಿಲ್ಲ, 2011ರಲ್ಲೇ ತೀರಿಕೊಂಡಿದ್ದರು.

ಕೆಲವು ವರ್ಷಗಳಿಂದ ಮಣಿಪುರವೆಂದರೆ ನಮಗೆ ಹೊತ್ತಿ ಉರಿಯುವ ಮನೆಗಳ ಸುದ್ದಿಯಷ್ಟೇ. ನಮ್ಮ ಊರುಗಳ ಚಿತ್ರಸಮಾಜಗಳಲ್ಲಿ ಇರುವವರಿಗೆ ಒಂದು ಕೋರಿಕೆ: ಮುಂದಿನ ಪಟ್ಟಿ ಮಾಡುವಾಗ ಈ ಎರಡು ಚಿತ್ರಗಳನ್ನು ಒಂದೇ ದಿನ, ಒಂದರ ಹಿಂದೆ ಒಂದು ಹಾಕಿ.